ಊರಿನ ಹಳೇ ಬೀದಿ ದೀಪ ಗುಜರಿ ಪಾಲಾಗದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮೂರಿನ ಅರಳಿಕಟ್ಟೆ ಪಕ್ಕದಲ್ಲಿ ಹಳೇ ರೈಲು ಕಂಬಿಯ ಒಂದು ಕರೆಂಟ್ ಕಂಬ ಇದೆ. ಅದರ ತಲೆಯಿಂದ ಕೊಡೆಯ ಹಿಡಿಯ ಹಾಗೆ ಬಾಗಿದ ಕೊಳವೆ. ಕೊಳವೆಯ ತುದಿಗೆ ತಟ್ಟೆಯಂಥ ಶೇಡು. ಹೊರಗೆ ಕಡು ಹಸಿರು, ಒಳಗೆ ಹಾಲಿನ ಬಿಳಿ, ಅಂಚಿಗೆ ಕಪ್ಪು ಪಟ್ಟಿ. ಹಿಂದೆ ಮನೆಗಳಲ್ಲಿ ಇರುತ್ತಿದ್ದ ಪಿಂಗಾಣಿ ಬಳಿದ ತಗಡಿನ ತಟ್ಟೆ ನೆನಪಿದ್ದರೆ, ಅದೇ ಹೊಳಪು. ಇಂಥವು ನಾಲ್ಕಿದ್ದವು. ಹೊಸ ಎಲ್‌ಇಡಿ ಬಂದ ದಿನ ಮಧ್ಯಾಹ್ನದೊಳಗೆ ಮೂರು ಕೆಳಗಿಳಿದವು. ಬಿಚ್ಚಿದ ಹುಡುಗರು ಅವನ್ನು ಆಟೋಗೆ ಎಸೆದ ಸದ್ದು ಇನ್ನೂ ಕಿವಿಯಲ್ಲಿದೆ.

ಎರಡು ವರ್ಷ ಕಳೆದ ಮೇಲೆ ಅದರಲ್ಲಿ ಒಂದು ಸಿಕ್ಕಿತು. ಪಕ್ಕದ ಬೀದಿಯ ಒಂದು ಹಿತ್ತಲಿನಲ್ಲಿ ಅಂಗಾತ ಇಟ್ಟು ಕೋಳಿಗಳಿಗೆ ನೀರಿಡುತ್ತಿದ್ದರು. ನಡುವಿನ ತೂತಿಗೆ ಬಟ್ಟೆ ತುರುಕಿದ್ದರು. ಆ ಮನೆಯ ಅಜ್ಜಿ "ಒಳ್ಳೇ ಗಟ್ಟಿ ಐತೆ ಕಣಪ್ಪ, ತುಕ್ಕೇ ಹಿಡಿಯಲ್ಲ" ಅಂದರು. ನಿಜ. ಬಿಸಿಲು ಮಳೆಯಲ್ಲಿ ಎಷ್ಟೋ ವರ್ಷ ಇದ್ದ ಸಾಮಾನು, ಕೋಳಿಗೂಡಿನಲ್ಲೂ ಹೊಳೆಯುತ್ತಿತ್ತು.

ದೀಪ ಬಿಚ್ಚಿದ ದಿನ ನನಗೆ ಈ ಲೇಖನದಲ್ಲಿರುವುದು ಯಾವುದೂ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕು, ಯಾವ ಕಾಗದ ಕೊಡಬೇಕು, ಏನನ್ನು ಮುಟ್ಟಬಾರದು, ಒಂದೂ ತಿಳಿದಿರಲಿಲ್ಲ. ನಿಮ್ಮೂರಲ್ಲಿ ಹಳೇ ಬೀದಿ ದೀಪ ಒಂದಾದರೂ ಉಳಿದಿದ್ದರೆ, ಹೊಸ ಕಾಮಗಾರಿ ಬರುವ ಮುಂಚೆ ಈ ಕೆಲಸ ಶುರು ಮಾಡಿ. ಬಂದ ಮೇಲೆ ಟೈಮ್ ಸಿಗುವುದಿಲ್ಲ.

ಮೊದಲ ಹೆಜ್ಜೆ: ಒಂದು ಸಂಜೆ ಊರು ಸುತ್ತಿ

ಹೊತ್ತು ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಹೊರಡಿ. ಒಂದು ನೋಟ್‌ಬುಕ್, ಒಂದು ಟೇಪು, ಮೊಬೈಲು ಸಾಕು. ಈ ಹೊತ್ತಿಗೇ ಯಾಕೆ ಅಂದರೆ ಕಂಬದ ಆಕಾರ ಬೆಳಕಲ್ಲಿ ನೋಡಬಹುದು. ಆಮೇಲೆ ಊರಿಗೆ ನೀರು ಬಿಡುವ ಪಂಚಾಯಿತಿಯ ವಾಟರ್‌ಮ್ಯಾನ್ ಬಂದು ಸ್ವಿಚ್ ಹಾಕಿದಾಗ ಯಾವುದು ಉರಿಯುತ್ತದೆ, ಯಾವುದು ಇಲ್ಲ ಅನ್ನುವುದೂ ಅದೇ ಓಡಾಟದಲ್ಲಿ ಗೊತ್ತಾಗುತ್ತದೆ.

ದೊಡ್ಡ ರಸ್ತೆಯಲ್ಲಿ ಹುಡುಕುವುದು ಜಾಸ್ತಿ ಪ್ರಯೋಜನವಿಲ್ಲ. ಅಲ್ಲಿನವು ಮೊದಲೇ ಹೋಗಿರುತ್ತವೆ. ಅರಳಿಕಟ್ಟೆ, ಹಳೇ ಚಾವಡಿ, ಶಾನುಭೋಗರ ಮನೆ ಇದ್ದ ಬೀದಿ, ಸಂತೆ ಮಾಳದ ಮೂಲೆ, ಹಳೇ ಪ್ರಾಥಮಿಕ ಶಾಲೆಯ ಗೇಟು, ಮುಸಾಫಿರ್ ಬಂಗಲೆಯ ಅಂಗಳ, ಚಿಕ್ಕ ರೈಲ್ವೆ ಸ್ಟೇಷನ್ನಿನ ದಾರಿ. ಲಾರಿ ಹೋಗದ ಸಂದಿಗಳಲ್ಲೂ ನೋಡಿ. ಮನೆ ಗೋಡೆಗೆ ಸಿಕ್ಕಿಸಿದ ಕಬ್ಬಿಣದ ತೋಳು ಸುಮ್ನೆ ನಿಂತಿರುತ್ತದೆ. ದೀಪ ಹೋಗಿ ಎಷ್ಟೋ ಕಾಲ ಆಗಿದ್ದು, ಮನೆಯವರು ಅದಕ್ಕೆ ಬಟ್ಟೆ ಒಣಹಾಕುವ ತಂತಿ ಕಟ್ಟಿರುತ್ತಾರೆ. ಅದನ್ನೂ ಬರೆದುಕೊಳ್ಳಿ.

ಪ್ರತಿ ಕಂಬಕ್ಕೂ ಒಂದು ನಂಬರ್ ಕೊಡಿ. ಕಂಬದ ಮೇಲಲ್ಲ, ನೋಟ್‌ಬುಕ್ಕಿನಲ್ಲಿ. ಎಲ್ಲಿದೆ, ಎಷ್ಟು ಎತ್ತರ, ಯಾವುದರಿಂದ ಮಾಡಿದ್ದು, ದೀಪ ಇದೆಯೋ ಇಲ್ಲವೋ, ಬಾಗಿದೆಯೋ ನೆಟ್ಟಗಿದೆಯೋ ಬರೆಯಿರಿ. ಫೋಟೋ ನಾಲ್ಕು ದಿಕ್ಕಿನಿಂದ ಬೇಕು. ಬುಡದ್ದು ಒಂದು, ತಲೆಯದ್ದು ಒಂದು ಹತ್ತಿರದಿಂದ. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡರೆ ಎತ್ತರದ ಅಂದಾಜು ಸಿಗುತ್ತದೆ. ಮುಂದೆ ಎಂದಾದರೂ ಕಂಬ ಕಾಣೆಯಾದರೆ ಅದು ಅಲ್ಲಿ ಇತ್ತು ಅನ್ನುವುದಕ್ಕೆ ಈ ಫೋಟೋಗಳೇ ಸಾಕ್ಷಿ.

ಎರಡನೇ ಹೆಜ್ಜೆ: ಯಾವ ಕಾಲದ್ದು ಅಂತ ಗುರುತಿಸಿ

ಹಳ್ಳಿಗಳಲ್ಲಿ ಸಿಗುವ ಹಳೇ ಬೀದಿ ದೀಪಗಳಲ್ಲಿ ಮೂರು ತಲೆಮಾರು ಕಾಣುತ್ತವೆ.

ಎಲ್ಲಕ್ಕಿಂತ ಹಳೆಯದು ಸೀಮೆಎಣ್ಣೆ ಕಂದೀಲಿನ ಕಂಬ. ಕಲ್ಲಿನದು, ಮರದ್ದು ಅಥವಾ ಎರಕ ಹೊಯ್ದ ಬೀಡು ಕಬ್ಬಿಣದ್ದು. ಎತ್ತರ ಕಡಿಮೆ, ಯಾಕೆಂದರೆ ದಿನಾ ಒಬ್ಬ ಏಣಿ ಹತ್ತಿ ದೀಪ ಹಚ್ಚಬೇಕಿತ್ತು. ತಲೆಯ ಮೇಲೆ ನಾಲ್ಕು ಕಡೆ ಗಾಜಿರುವ ಪೆಟ್ಟಿಗೆ ಇರುತ್ತಿತ್ತು. ಈಗ ಹೆಚ್ಚಿನ ಕಡೆ ಅದು ಕೂರುತ್ತಿದ್ದ ಕಬ್ಬಿಣದ ಮೊಳೆ ಮಾತ್ರ ಉಳಿದಿದೆ. ಬೀಡಿನ ಕಂಬವಾದರೆ ತಲೆಗಿಂತ ಸ್ವಲ್ಪ ಕೆಳಗೆ ಎರಡು ಕಡೆ ಚಾಚಿದ ಚಿಕ್ಕ ಅಡ್ಡಪಟ್ಟಿ ಇದೆಯಾ ನೋಡಿ. ಅದನ್ನು ಎಲ್ಲರೂ ಅಲಂಕಾರ ಅಂದುಕೊಳ್ಳುತ್ತಾರೆ. ಅಲ್ಲ, ಅದು ಏಣಿ ಒರಗಿಸುವುದಕ್ಕೆ. ಸಂಜೆ ಬಂದವನು ಏಣಿಯನ್ನು ಅದಕ್ಕೆ ಆನಿಸಿ, ಹತ್ತಿ, ಗಾಜು ಒರೆಸಿ, ಕರಿ ಹಿಡಿದ ಬತ್ತಿ ಕತ್ತರಿಸಿ, ಎಣ್ಣೆ ಹಾಕಿ ಹಚ್ಚಿ ಇಳಿಯುತ್ತಿದ್ದ. ನಾನು ಮೊದಲ ಸಲ ಆ ಪಟ್ಟಿಯನ್ನು ಹತ್ತಿರದಿಂದ ನೋಡಿದಾಗ ಅದರ ಮೇಲ್ಭಾಗ ಒಂದೇ ಕಡೆ ಸವೆದು ನುಣ್ಣಗಾಗಿತ್ತು. ದಿನಾ ಏಣಿ ತಾಗಿದ ಜಾಗ ಅದು.

ದೇವಸ್ಥಾನದ ಮುಂದಿನ ಮಾಲೆಗಂಬ, ದೀಪಮಾಲೆ ಕಂಬ ಇದರ ಜೊತೆ ಸೇರುವುದಿಲ್ಲ. ಅವು ಇನ್ನೂ ಹಳೆಯವು, ಹರಕೆಯವು. ಅವುಗಳ ವಿಷಯದಲ್ಲಿ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಹಿಡಿ ಸಿಮೆಂಟೂ ಹಾಕಬೇಡಿ.

ಎರಡನೆಯದು ಮೊದಮೊದಲ ಕರೆಂಟ್ ದೀಪ. ಹಳೇ ಮೈಸೂರು ಸೀಮೆಯಲ್ಲಿ ಇದರ ಕಥೆ ಶಿವನಸಮುದ್ರದಿಂದ ಶುರು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ, 1908ರಲ್ಲಿ ಮೈಸೂರಿನಲ್ಲಿ ದೀಪ ಹತ್ತಿತು. ಹಳ್ಳಿಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಹೆಚ್ಚಿನ ಊರುಗಳು ಕರೆಂಟು ಕಂಡಿದ್ದು ಸ್ವಾತಂತ್ರ್ಯ ಬಂದ ಮೇಲೆಯೇ. ಆದ್ದರಿಂದ ಕಂಬ ನೋಡಿದ ತಕ್ಷಣ "ಮಹಾರಾಜರ ಕಾಲದ್ದು" ಅಂತ ಹೇಳಿಬಿಡಬೇಡಿ. ಅದು 60 ವರ್ಷದ್ದಾದರೂ ಉಳಿಸಿಕೊಳ್ಳುವ ಯೋಗ್ಯತೆ ಅದಕ್ಕೆ ಇದೆ. ಇಲ್ಲದ ವಯಸ್ಸು ಹೇಳಿದರೆ ಮುಂದೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಈ ಕಾಲದ ಕಂಬಗಳು ಹಳೇ ರೈಲು ಕಂಬಿಯವು, ಇಲ್ಲವೇ ಕೆಳಗೆ ದಪ್ಪ, ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುವ ಕಬ್ಬಿಣದ ಕೊಳವೆಯವು. ತಂತಿ ಕಟ್ಟಲು ಬಿಳಿ ಅಥವಾ ಕಂದು ಪಿಂಗಾಣಿಯ ಇನ್ಸುಲೇಟರು. ಬಾಗಿದ ತೋಳು, ಅದರ ತುದಿಗೆ ಪಿಂಗಾಣಿ ಬಳಿದ ತಟ್ಟೆ ಶೇಡು, ಒಳಗೆ ಹಳದಿ ಬಲ್ಬು.

ಮೂರನೆಯದು ಟ್ಯೂಬ್‌ಲೈಟು ಪಟ್ಟಿ, ನೀಲಿ ಬಿಳುಪಿನ ಮರ್ಕ್ಯುರಿ ದೀಪ, ಕಿತ್ತಳೆ ಬಣ್ಣದ ಸೋಡಿಯಂ ದೀಪ. ಇವು ಹಳೆಯವು ಅಂತ ನಮಗಿನ್ನೂ ಅನಿಸುವುದಿಲ್ಲ. ಆದರೆ ಎಲ್‌ಇಡಿ ಬಂದ ಮೇಲೆ ಇವೇ ಎಲ್ಲಕ್ಕಿಂತ ಬೇಗ ಕಾಣೆಯಾಗುತ್ತಿವೆ. ಊರಿಗೆ ಒಂದು ಮಾದರಿಯಾದರೂ ಇರಲಿ ಅನ್ನುವುದು ನನ್ನ ಆಸೆ.

ಅಕ್ಷರ ಹುಡುಕುವುದು ಒಂದು ಒಳ್ಳೆ ಕೆಲಸ. ಬುಡದ ಹತ್ತಿರ, ತೋಳಿನ ಬೆಸುಗೆಯಲ್ಲಿ, ಶೇಡಿನ ಕುತ್ತಿಗೆಯಲ್ಲಿ, ಪಿಂಗಾಣಿಯ ಮೇಲೆ ಹೆಸರು ಅಚ್ಚಾಗಿರುತ್ತದೆ. ಬಣ್ಣದಡಿ ಮುಚ್ಚಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಅಕ್ಷರದ ನೆರಳು ಏಳುತ್ತದೆ. ಕೈಗೆಟಕುವ ಜಾಗವಾದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಭದ್ರಾವತಿಯ ಹೆಸರಿದ್ದರೆ ಅದು 1923ರ ನಂತರದ್ದು, ಕಾರ್ಖಾನೆ ಶುರುವಾಗಿದ್ದೇ ಆಗ. ಮೈಸೂರು ಲ್ಯಾಂಪ್ಸ್ ಹೆಸರಿನ ಬಲ್ಬು ಸಿಕ್ಕರೆ 1936ರ ಈಚೆಯದು. ತಗಡಿನ ಮೇಲೆ ಎಂ.ಎಸ್.ಇ.ಬಿ. ಅಂತ ಇದ್ದರೆ ಅದು ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯದು, 1957ರಲ್ಲಿ ಹುಟ್ಟಿದ್ದು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮೇಲೆ ಅದು ಕೆ.ಇ.ಬಿ. ಆಯಿತು. 2000ದ ಹೊತ್ತಿಗೆ ಆ ಮಂಡಳಿ ಹೋಗಿ ನಿಗಮ ಬಂತು. ಊರಲ್ಲಿ ಮಾತ್ರ ಇವತ್ತಿಗೂ ಕರೆಂಟು ಹೋದರೆ "ಕೆಇಬಿಗೆ ಫೋನ್ ಮಾಡು" ಅಂತಲೇ ಅನ್ನುತ್ತೇವೆ, ಅಲ್ವಾ?

ಒಂದು ಎಚ್ಚರಿಕೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮುಂಬಯಿ ಪ್ರಾಂತ್ಯ, ಬೀದರ್, ಕಲಬುರಗಿ, ರಾಯಚೂರಿನ ಕಡೆ ನಿಜಾಮರ ಸಂಸ್ಥಾನ, ಮಂಗಳೂರು, ಉಡುಪಿಯ ಕರಾವಳಿಯಲ್ಲಿ ಮದ್ರಾಸ್ ಪ್ರಾಂತ್ಯ ಇತ್ತು. 1956ರ ಮುಂಚಿನ ಸಾಮಾನಿಗೆ ಆ ಊರುಗಳಲ್ಲಿ ಮೈಸೂರಿನ ಲೆಕ್ಕ ಹಚ್ಚಬೇಡಿ.

ಮೂರನೇ ಹೆಜ್ಜೆ: ಹಿರಿಯರ ಹತ್ತಿರ ಕೂತು ಕೇಳಿ

ಕಂಬದ ಮೇಲೆ ಇಸವಿ ಬರೆದಿರುವುದು ಕಡಿಮೆ. ಹಿರಿಯರೂ ಇಸವಿ ಹೇಳುವುದಿಲ್ಲ. ಆದ್ದರಿಂದ "ಯಾವ ವರ್ಷ ಕರೆಂಟು ಬಂತು?" ಅಂತ ಕೇಳಬೇಡಿ. "ಕರೆಂಟು ಬಂದಾಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ? ಆ ವರ್ಷ ಕೆರೆ ಕೋಡಿ ಬಿದ್ದಿತ್ತಾ?" ಅಂತ ಕೇಳಿ. ಆಮೇಲೆ ಲೆಕ್ಕ ನೀವೇ ಹಾಕಬಹುದು.

ಇನ್ನೂ ಕೇಳಬೇಕಾದ್ದು: ಮೊದಲ ದೀಪ ಯಾರ ಮನೆ ಮುಂದೆ ಹತ್ತಿತು? ಯಾವ ಬೀದಿಗೆ ಬರಲಿಲ್ಲ? ಇದು ಬೇಜಾರಿನ ಪ್ರಶ್ನೆ, ಆದರೂ ಕೇಳಲೇಬೇಕು. ಎಷ್ಟೋ ಊರುಗಳಲ್ಲಿ ದೀಪದ ಸಾಲು ಊರ ಮುಂದಿನ ಬೀದಿಗೇ ನಿಂತುಹೋಗಿತ್ತು, ಕೇರಿಗೆ ಬೆಳಕು ಬಂದಿದ್ದು ಎಷ್ಟೋ ವರ್ಷ ಬಿಟ್ಟು. ಹಳೇ ಕಂಬ ಎಲ್ಲಿದೆ ಅನ್ನುವುದರ ಜೊತೆಗೆ ಎಲ್ಲಿ ಇಲ್ಲ ಅನ್ನುವುದನ್ನೂ ಬರೆದಿಟ್ಟರೆ ಮಾತ್ರ ಅದು ಊರಿನ ಚರಿತ್ರೆ ಆಗುತ್ತದೆ.

ದೀಪದ ಕೆಳಗೆ ಏನೇನು ನಡೆಯಿತು ಅಂತಲೂ ಕೇಳಿ. ಬೀದಿ ದೀಪದಡಿ ಕೂತು ಪರೀಕ್ಷೆಗೆ ಓದಿದವರು, ನಾಟಕದ ತಾಲೀಮು ಮಾಡಿದವರು, ಮಳೆ ಹುಳ ಹಿಡಿಯಲು ಪಾತ್ರೆ ಇಟ್ಟು ಕಾದ ಹುಡುಗರು ಸಿಗುತ್ತಾರೆ. ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಮುಂದೆ ಗ್ರಾಮ ಸಭೆಯಲ್ಲಿ ನಿಮ್ಮ ಪರವಾಗಿ ಎದ್ದು ನಿಲ್ಲುವವರೂ ಇವರೇ.

ನಾಲ್ಕನೇ ಹೆಜ್ಜೆ: ಕಾಗದ ಕೊಡಿ, ಸಹಿ ತಗೊಳ್ಳಿ

ಸಾಮಾನ್ಯವಾಗಿ ಹಳ್ಳಿಯಲ್ಲಿ ಕರೆಂಟ್ ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದ್ದು. ಅಂದರೆ ನಿಮ್ಮ ಭಾಗದ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ ಇಲ್ಲವೇ ಮೈಸೂರು ಕಡೆಯ ಚೆಸ್ಕಾಂನದ್ದು. ಕಂಬಕ್ಕೆ ಹಾಕಿದ ದೀಪ, ಶೇಡು, ಬಲ್ಬು, ಅದರ ಬಿಲ್ಲು ಗ್ರಾಮ ಪಂಚಾಯಿತಿಯದ್ದು. ಕರೆಂಟಿಲ್ಲದ ಹಳೇ ಕಂದೀಲು ಕಂಬ ಊರ ಜಾಗದಲ್ಲಿದ್ದರೆ ಅದೂ ಪಂಚಾಯಿತಿಯ ಕೈಯಲ್ಲೇ. ಹೀಗಾಗಿ ಮನವಿ ಎರಡು ಕಡೆ ಹೋಗಬೇಕು. ಒಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ, ಇನ್ನೊಂದು ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ.

ಮನವಿ ಉದ್ದ ಬೇಡ. ಹೀಗೆ ಬರೆದರೆ ಸಾಕು:

"ನಮ್ಮ ಗ್ರಾಮದ ಅರಳಿಕಟ್ಟೆ ಬೀದಿ ಮತ್ತು ಹಳೇ ಶಾಲೆ ಬೀದಿಯಲ್ಲಿ ಒಟ್ಟು 4 ಹಳೆಯ ಬೀದಿ ದೀಪಗಳಿವೆ. ಪಟ್ಟಿ ಮತ್ತು ಫೋಟೋ ಲಗತ್ತಿಸಿದೆ. ಇವುಗಳನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ನಮೂದಿಸಬೇಕೆಂದೂ, ಬಿಚ್ಚುವ, ಬದಲಿಸುವ ಅಥವಾ ಹರಾಜು ಹಾಕುವ ಮುನ್ನ ಗ್ರಾಮ ಸಭೆಯ ಮುಂದೆ ತರಬೇಕೆಂದೂ ಕೋರುತ್ತೇವೆ."

ಕೆಳಗೆ ಊರಿನವರ ಸಹಿ. ಕಂಬದ ಎದುರು ಮನೆಯವರ ಸಹಿ ಇರಲೇಬೇಕು, ಅವರು ಒಪ್ಪದಿದ್ದರೆ ಯಾವ ಕಂಬವೂ ಉಳಿಯುವುದಿಲ್ಲ. ಎರಡು ಪ್ರತಿ ತಗೊಂಡು ಹೋಗಿ, ಒಂದಕ್ಕೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ಬಾಯಿ ಮಾತಿನಲ್ಲಿ "ಆಯ್ತು ಬಿಡಿ, ನೋಡ್ಕೋತೀವಿ" ಅಂದಿದ್ದನ್ನು ನಂಬಿ ನಾನು ಮೂರು ಶೇಡು ಕಳೆದುಕೊಂಡೆ.

ಗ್ರಾಮ ಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು. ಅಲ್ಲಿ ಈ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಮನೆ, ರಸ್ತೆ, ನೀರಿನ ಮಾತಿನ ನಡುವೆ ಹಳೇ ದೀಪದ ಮಾತು ಚಿಕ್ಕದಾಗಿ ಕಾಣುತ್ತದೆ. ಎದೆಗುಂದಬೇಡಿ. ಮಾತಾಡಲು ಎರಡೇ ನಿಮಿಷ ಕೇಳಿ, ಫೋಟೋ ತೋರಿಸಿ, ಇದಕ್ಕೆ ಪಂಚಾಯಿತಿಯ ದುಡ್ಡು ಹೆಚ್ಚಿಗೆ ಬೇಕಾಗಿಲ್ಲ ಅಂತ ಹೇಳಿ ಕೂತುಕೊಳ್ಳಿ.

ಈಗಾಗಲೇ ದೀಪ ಬಿಚ್ಚಿಬಿಟ್ಟಿದ್ದಾರೆ, ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಬಿಚ್ಚಿದ ಹಳೇ ಸಾಮಾನಿನ ದಾಸ್ತಾನು ವಹಿ ಮತ್ತು ಹರಾಜಿನ ನಡಾವಳಿಯ ನಕಲು ಕೇಳಿ. ಆದರೆ ಇದು ಕೊನೆಯ ದಾರಿ. ಮೊದಲು ಪಂಚಾಯಿತಿ ಗೋದಾಮಿನಲ್ಲಿ ಇಣುಕಿ ನೋಡಿ. ಹಳೇ ಮೋಟರು, ಪೈಪುಗಳ ಹಿಂದೆ ಅವು ಬಿದ್ದಿರುವ ಸಾಧ್ಯತೆ ಇರುತ್ತದೆ.

ಐದನೇ ಹೆಜ್ಜೆ: ಹತ್ತಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೀದಿ ದೀಪದ ಲೈನಿನಲ್ಲಿ 230 ವೋಲ್ಟ್ ಇರುತ್ತದೆ. ಅದೇ ಕಂಬದಲ್ಲಿ ಮೂರು ಫೇಸಿನ ತಂತಿಯೂ ಹೋಗಿರುತ್ತದೆ. ಹಗಲು ದೀಪ ಆರಿದೆ ಅಂದರೆ ಕರೆಂಟು ಇಲ್ಲ ಅಂತ ಅರ್ಥವಲ್ಲ. ವಾಟರ್‌ಮ್ಯಾನ್ ಸ್ವಿಚ್ ತೆಗೆದರೆ ಬೀದಿ ದೀಪದ ತಂತಿ ಮಾತ್ರ ಸಾಯುತ್ತದೆ, ಮನೆಗಳಿಗೆ ಹೋಗುವ ತಂತಿ ಜೀವಂತವೇ. ಹಳೇ ವೈರಿನ ಮೇಲಿನ ರಬ್ಬರು, ಹತ್ತಿಯ ಹೊದಿಕೆ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಕಬ್ಬಿಣದ ಕಂಬಕ್ಕೆ ಕರೆಂಟು ಇಳಿದಿದ್ದರೆ ಹತ್ತುವುದೂ ಬೇಡ, ಮಳೆಯಲ್ಲಿ ಒರಗಿದರೂ ಸಾಕು.

ಮೇಲಿನ ಕೆಲಸ ಏನಿದ್ದರೂ ಲೈನ್‌ಮ್ಯಾನೇ ಮಾಡಬೇಕು, ಅದೂ ಲೈನ್ ಕ್ಲಿಯರ್ ತಗೊಂಡು, ಅಂದರೆ ಆ ಲೈನಿನ ಕರೆಂಟನ್ನು ಅನುಮತಿ ಪಡೆದು ನಿಲ್ಲಿಸಿಕೊಂಡು. ಊರಿನ ಎಲೆಕ್ಟ್ರಿಷಿಯನ್ ಹುಡುಗ ಎಷ್ಟೇ ಜಾಣನಾದರೂ ಕಂಬ ಹತ್ತಿಸಬೇಡಿ. ಕಂಬದಲ್ಲಿ ಜುಮ್ ಅನ್ನುತ್ತಿದೆ, ಕಿಡಿ ಬರುತ್ತಿದೆ, ತಂತಿ ಜೋತಿದೆ ಅಂದರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹಳೇ ಕಂಬಕ್ಕೆ ದನ ಕಟ್ಟುವುದು, ಫ್ಲೆಕ್ಸು ಕಟ್ಟುವುದು, ಹಬ್ಬದ ಸೀರಿಯಲ್ ಸೆಟ್ಟಿಗೆ ಕೊಕ್ಕೆ ಹಾಕುವುದು ನಿಲ್ಲಬೇಕು. ಕಂಬ ಬೀಳಲು ಇವೂ ಕಾರಣವಾಗುತ್ತವೆ.

ಟ್ಯೂಬ್‌ಲೈಟು, ಮರ್ಕ್ಯುರಿ ಬಲ್ಬು ಒಡೆದರೆ ಪಾದರಸ ಹೊರಬರುತ್ತದೆ. ಅವನ್ನು ಮಕ್ಕಳ ಕೈಗೆ ಕೊಡಬೇಡಿ, ತಿಪ್ಪೆಗೂ ಎಸೆಯಬೇಡಿ. ರಟ್ಟಿನ ಡಬ್ಬದಲ್ಲಿ ಸುತ್ತಿಟ್ಟು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಆರನೇ ಹೆಜ್ಜೆ: ಬುಡ ನೋಡಿ, ತೊಳೆಯಿರಿ, ಬಣ್ಣ ಹಚ್ಚಿ

ನೆಲದ ಮೇಲೆ ನಿಂತು ಮಾಡುವ ಕೆಲಸವೂ ಸಾಕಷ್ಟಿದೆ. ಕಂಪನಿಯ ಕಂಬವಾದರೆ ಶಾಖಾಧಿಕಾರಿಗೆ ಹೇಳಿ, ಲೈನ್‌ಮ್ಯಾನ್ ಬಂದು ಕಂಬದಲ್ಲಿ ಕರೆಂಟು ಇಳಿದಿಲ್ಲ ಅಂತ ನೋಡಿದ ಮೇಲೆ ಶುರು ಮಾಡಿ. ಕೈಗೆ ನಿಲುಕುವಷ್ಟು ಎತ್ತರ ಮಾತ್ರ.

ಕಬ್ಬಿಣದ ಕಂಬ ಸಾಯುವುದು ನೆಲ ಮುಟ್ಟುವ ಜಾಗದಲ್ಲಿ. ಅಲ್ಲಿ ಮಣ್ಣು, ಸಗಣಿ, ಕಸ ಸೇರಿ ತೇವ ಹಿಡಿದಿರುತ್ತದೆ. ಮೊದಲು ಅದನ್ನು ಬಿಡಿಸಿ ಒಂದು ಗೇಣು ಕೆಳಗಿನವರೆಗೆ ನೋಡಿ. ತುಕ್ಕು ಪದರ ಪದರವಾಗಿ ಏಳುತ್ತಿದೆಯಾ? ನಾಣ್ಯದಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತಿಂದುಹೋಗಿದ್ದರೆ ಸದ್ದು ಸತ್ತ ಹಾಗೆ ಬರುತ್ತದೆ. ತೂತು ಬಿದ್ದಿದ್ದರೆ, ಕಂಬ ಬಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಶಾಖಾಧಿಕಾರಿಗೆ ಬರೆದು ತಿಳಿಸಿ.

ಬೀಡು ಕಬ್ಬಿಣ ನೋಡಲು ಗಟ್ಟಿ, ಆದರೆ ಸುತ್ತಿಗೆ ಪೆಟ್ಟಿಗೆ ಗಾಜಿನ ಹಾಗೆ ಬಿರಿಯುತ್ತದೆ. ಸಾಮಾನ್ಯ ವೆಲ್ಡಿಂಗ್ ಅದಕ್ಕೆ ಒಗ್ಗುವುದಿಲ್ಲ, ಬೆಸುಗೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಬಿರುಕಿದ್ದರೆ ಪಟ್ಟಿ ಹಾಕಿ ಬೋಲ್ಟು ಬಿಗಿಸುವುದೇ ವಾಸಿ.

ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಭಾರತದಲ್ಲಿ ಮನೆ ಬಣ್ಣಗಳ ಸೀಸಕ್ಕೆ ಬಿಗಿ ಮಿತಿ ಬಂದಿದ್ದೇ 2017ರಲ್ಲಿ. ಆದ್ದರಿಂದ ಒಣ ಕಂಬ ಕೆರೆದು ಧೂಳು ಎಬ್ಬಿಸಬೇಡಿ. ನೀರು ಚಿಮುಕಿಸುತ್ತಾ ನೀರಿನ ಉಜ್ಜುಕಾಗದದಿಂದ ಉಜ್ಜಿ. ಕೆಳಗೆ ಹಳೇ ಪ್ಲಾಸ್ಟಿಕ್ ಹಾಸಿ, ಬಿದ್ದ ಚೂರು ಕಟ್ಟಿ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ. ಬಣ್ಣ ಪೂರ್ತಿ ತೆಗೆಯುವ ಅಗತ್ಯವಿಲ್ಲ, ಸಡಿಲವಾದದ್ದು ಹೋದರೆ ಸಾಕು.

ತೇವ ಒರೆಸಿ, ಬಿಸಿಲಿನಲ್ಲಿ ಒಣಗಿಸಿ, ಅದೇ ದಿನ ರೆಡ್ ಆಕ್ಸೈಡ್ ಹಚ್ಚಿಬಿಡಿ. ಒಂದು ರಾತ್ರಿ ಬಿಟ್ಟರೆ ಇಬ್ಬನಿಗೆ ಮತ್ತೆ ತುಕ್ಕು. ಅದು ಒಣಗಿದ ಮೇಲೆ ಎರಡು ಕೈ ಎನಾಮಲ್ ಬಣ್ಣ. ಅಚ್ಚಿನ ಅಕ್ಷರದ ಮೇಲೆ ಬಣ್ಣ ದಪ್ಪ ಆಗದಂತೆ ಕುಂಚ ಒಣಗಿಸಿ ಎಳೆಯಿರಿ. ದೀಪಾವಳಿ ಕಳೆದು ಯುಗಾದಿ ಒಳಗಿನ ಕಾಲ ಇದಕ್ಕೆ ಒಳ್ಳೆಯದು. ಬಣ್ಣ ಯಾವುದು? ಕೆರೆದಾಗ ಎಲ್ಲಕ್ಕಿಂತ ಕೆಳಗೆ ಯಾವ ಬಣ್ಣ ಕಂಡಿತೋ ಅದೇ. ದಯವಿಟ್ಟು ಚಿನ್ನದ ಬಣ್ಣ ಬಳಿಯಬೇಡಿ.

ಬುಡಕ್ಕೆ ಮತ್ತೆ ಮಣ್ಣು ಮುಚ್ಚುವಾಗ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿ. ಸಿಮೆಂಟು ಕಟ್ಟೆ ಕಟ್ಟಿದರೂ ಅಷ್ಟೇ, ತಟ್ಟೆಯ ಹಾಗೆ ತಗ್ಗಾದರೆ ನೀರು ನಿಂತು ಕಂಬವನ್ನು ತಿನ್ನುತ್ತದೆ.

ಕಲ್ಲು ಕಂಬಕ್ಕೆ ನೀರು ಮತ್ತು ತೆಂಗಿನ ನಾರು ಸಾಕು. ಆಸಿಡ್ ಬೇಡ, ಎಣ್ಣೆ ಬಣ್ಣವಂತೂ ಬೇಡವೇ ಬೇಡ.

ಇನ್ನು ಆ ಪಿಂಗಾಣಿ ಶೇಡು. ಲೈನ್‌ಮ್ಯಾನ್ ಇಳಿಸಿಕೊಟ್ಟಾಗ ಎರಡೂ ಕೈಯಲ್ಲಿ ಹಿಡಿಯಿರಿ. ಒಳಗೆ ಕಣಜದ ಗೂಡು ಇರುತ್ತದೆ, ಹುಷಾರು. ಸೋಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಸತ್ತ ಹುಳದ ಕರೆ ಬಿಡದಿದ್ದರೆ ಅಡಿಗೆ ಸೋಡಾ ಹಚ್ಚಿ ಉಜ್ಜಿ. ಸ್ಟೀಲಿನ ಉಜ್ಜು, ಬೂದಿ ಹಾಕಿದರೆ ಹೊಳಪು ಹೋಗುತ್ತದೆ. ತಗ್ಗು ಬಿದ್ದಿದ್ದರೆ ತಟ್ಟಿ ಸರಿ ಮಾಡಲು ಹೋಗಬೇಡಿ, ಪಿಂಗಾಣಿ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಚಕ್ಕೆ ಹೋದ ಜಾಗಕ್ಕೆ ಮಾತ್ರ ಬಣ್ಣ ಮುಟ್ಟಿಸಿ. ಕೋಳಿಗೂಡಿನಿಂದ ತಂದ ಶೇಡನ್ನು ನಾನು ಹೀಗೇ ತೊಳೆದೆ. ಮೂರನೇ ನೀರಿಗೆ ಒಳಗಿನ ಬಿಳುಪು ಹೊರಬಂತು. ಕುತ್ತಿಗೆಯ ಹತ್ತಿರ ಯಾರೋ ಮೊಳೆಯಿಂದ ಕೊರೆದ 7 ಅನ್ನುವ ಅಂಕಿ ಕಂಡಿತು. ಬಹುಶಃ ಅದು ಊರಿನ ಏಳನೇ ದೀಪ.

ಏಳನೇ ಹೆಜ್ಜೆ: ಮತ್ತೆ ಉರಿಸಿ

ಉರಿಯದ ದೀಪವನ್ನು ಯಾರೂ ಕಾಯುವುದಿಲ್ಲ. ಬಣ್ಣ ಹಚ್ಚಿ ಸುಮ್ನೆ ನಿಲ್ಲಿಸಿದ ಕಂಬ ಮುಂದಿನ ಕಾಮಗಾರಿಯಲ್ಲಿ ಹೋಗೇ ಹೋಗುತ್ತದೆ. ಎದುರು ಮನೆಯವರಿಗೆ ಅದರಿಂದ ಬೆಳಕು ಸಿಗಬೇಕು. ಆಗ ಅದು ಕೆಟ್ಟರೆ ಅವರೇ ಕೂಗುತ್ತಾರೆ.

ಪಂಚಾಯಿತಿಗೆ ಹೇಳಬೇಕಾದ ಲೆಕ್ಕ ಸರಳ. 60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 21.6 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ 3.24 ಯೂನಿಟ್. ಅಂದರೆ ಉಳಿತಾಯ ಬರುವುದು ಬಲ್ಬಿನಿಂದ. ಅದಕ್ಕಾಗಿ ಶೇಡು, ತೋಳು, ಕಂಬ ಯಾವುದನ್ನೂ ಎಸೆಯಬೇಕಿಲ್ಲ.

ಹಳೇ ಹೋಲ್ಡರ್ ಹೆಚ್ಚಾಗಿ ಎರಡು ಪಿನ್ನಿನ ಬಲ್ಬಿನದು. ಅದೇ ನಮೂನೆಯ ಎಲ್‌ಇಡಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹೋಲ್ಡರ್ ಮತ್ತು ತೋಳಿನೊಳಗಿನ ವೈರನ್ನು ಲೈನ್‌ಮ್ಯಾನ್ ಹತ್ತಿರ ಹೊಸದು ಹಾಕಿಸಿ. ಹಳೇ ಹೋಲ್ಡರನ್ನು ತೆಗೆದಿಟ್ಟುಕೊಳ್ಳಿ, ಬಳಸಬೇಡಿ. ಡಬ್ಬದ ಮೇಲೆ 2700 ಕೆಲ್ವಿನ್ ಅಂತ ಇರುವ ಹಳದಿ ಬೆಳಕಿನದು ಕೇಳಿ. ಅಂಗಡಿಯವರು ರೂಢಿಯಿಂದ 6500ರ ಬಿಳಿ ಬಲ್ಬು ಕೊಡುತ್ತಾರೆ. ಹಳದಿ ಬೆಳಕಿಗೆ ಹುಳ ಕಡಿಮೆ ಮುತ್ತುತ್ತವೆ, ಕಣ್ಣಿಗೂ ತಂಪು. ಮಲೆನಾಡಿನವರಾದರೆ ಮಿಂಚುಹುಳಗಳಿಗೂ ಇದು ಮುಖ್ಯ, ಜೋರು ಬೆಳಕಿದ್ದಲ್ಲಿ ಅವು ಒಂದನ್ನೊಂದು ಹುಡುಕಿಕೊಳ್ಳಲು ಕಷ್ಟಪಡುತ್ತವೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹೊಸ ಎಲ್‌ಇಡಿ ದೀಪ ರಸ್ತೆಯುದ್ದಕ್ಕೂ ಬೆಳಕು ಹರಡುತ್ತದೆ. ಹಳೇ ತಟ್ಟೆ ಶೇಡು ತನ್ನ ಕೆಳಗೆ ದುಂಡಗೆ ಬೆಳಕು ಚೆಲ್ಲುತ್ತದೆ, ಅಷ್ಟೇ. ಬೆಳಗಿನ ಐದು ಗಂಟೆಗೆ ಡೇರಿಗೆ ಹಾಲು ಹಾಕಲು ಹೋಗುವ ಹೆಂಗಸರು ಕತ್ತಲಲ್ಲಿ ನಡೆಯಬಾರದು. ದೊಡ್ಡ ತಿರುವು, ಬಸ್ ಸ್ಟಾಪು, ಕೆರೆ ಏರಿಗೆ ಹೊಸ ದೀಪವೇ ಇರಲಿ. ಹಳೆಯದು ಕಟ್ಟೆಗೆ, ಸಂದಿಗೆ, ಗುಡಿಯ ಅಂಗಳಕ್ಕೆ ಸಾಕು. ಎರಡೂ ಇರಬಹುದು.

ಹಳೇ ಕಂಬಕ್ಕೆ ಸೋಲಾರ್ ಹಲಗೆ ಕಟ್ಟುವ ಯೋಚನೆ ಬಂದರೆ ಬಿಟ್ಟುಬಿಡಿ. ಗಾಳಿಗೆ ಆ ಹಲಗೆ ಪಟದ ಹಾಗೆ ಎಳೆಯುತ್ತದೆ, ತುಕ್ಕು ಹಿಡಿದ ಬುಡ ತಡೆಯುವುದಿಲ್ಲ. ಇನ್ನು ಕಂದೀಲು ಕಂಬಕ್ಕೆ ಸೀಮೆಎಣ್ಣೆ ಹಾಕಿ ಉರಿಸುವುದೂ ಬೇಡ. ಕಾರ್ತಿಕದಲ್ಲಿ ಬ್ಯಾಟರಿಯ ಚಿಕ್ಕ ದೀಪ ಒಳಗಿಟ್ಟರೆ ಊರಿಗೇ ಕಳೆ ಬರುತ್ತದೆ.

ಎಂಟನೇ ಹೆಜ್ಜೆ: ರಸ್ತೆ ಅಗಲ ಮಾಡುವಾಗ

ಕಂಬ ಎತ್ತಲೇಬೇಕು ಅಂದರೆ ಎತ್ತಲಿ, ಆದರೆ ಕತ್ತರಿಸಬಾರದು. ಕಂಬದ ಉದ್ದದ ಆರನೇ ಒಂದು ಪಾಲು ನೆಲದೊಳಗೆ ಇರುವುದು ರೂಢಿ. 9 ಮೀಟರ್ ಕಂಬವಾದರೆ ಒಂದೂವರೆ ಮೀಟರ್ ಅಗೆಯಬೇಕು. ಜೆಸಿಬಿಯಲ್ಲಿ ತಳ್ಳಿದರೆ ಕೊಳವೆ ಮಡಚಿಕೊಳ್ಳುತ್ತದೆ, ಬೀಡು ಎರಡು ತುಂಡಾಗುತ್ತದೆ. ಮೊದಲು ತೋಳು, ಶೇಡು, ಪಿಂಗಾಣಿ ಇಳಿಸಿ ಪ್ರತಿಯೊಂದಕ್ಕೂ ಚೀಟಿ ಕಟ್ಟಿ. ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ, ಅದರ ಮೇಲೂ ಕಂಬದ ನಂಬರ್ ಬರೆಯಿರಿ. ಮತ್ತೆ ನೆಡುವ ಜಾಗ ಅದೇ ಬೀದಿಯಲ್ಲಿ, ಆದಷ್ಟು ಹತ್ತಿರ ಇರಲಿ. ಯಾವ ದಿನ ನೆಡುತ್ತಾರೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಅಲ್ಲಿಯವರೆಗೆ ಸಾಮಾನು ಶಾಲೆಯ ಕೋಣೆಯಲ್ಲೋ ಪಂಚಾಯಿತಿ ಗೋದಾಮಿನಲ್ಲೋ ಬೀಗದೊಳಗೆ ಇರಬೇಕು. ಯಾರದ್ದೋ ಮನೆ ಹಿತ್ತಲು ಬೇಡ.

"ಅದರ ಬದಲು ಹಳೇ ಕಾಲದ ಹಾಗೆ ಕಾಣುವ ಹೊಸ ಕಂಬ ಹಾಕಿಕೊಡುತ್ತೇವೆ" ಅನ್ನುವವರು ಬರುತ್ತಾರೆ. ಬಳುಕು ಬಳುಕಾದ ತೋಳು, ಗಾಜಿನ ಗುಂಡು, ನೋಡಲು ಚೆಂದವೇ. ಅದು ನಿಮ್ಮೂರಿನದಲ್ಲ. ಬೇಡ ಅನ್ನಿ.

ಆಮೇಲಿನ ಕೆಲಸ

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ದಸರಾ ಹೊತ್ತಿಗೆ ಒಮ್ಮೆ. ಬುಡದ ತುಕ್ಕು, ವಾಲಿದ ಕಂಬ, ಜೋತ ವೈರು, ಕೇಬಲ್ ಟಿವಿಯವರು ಹೊಸದಾಗಿ ಕಟ್ಟಿದ ತಂತಿ, ಕಾಗೆ ಗೂಡು ಇವಿಷ್ಟನ್ನು ಗಮನಿಸಿ ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ನೋಟ್‌ಬುಕ್ಕಿನ ಒಂದು ಜೆರಾಕ್ಸು ಶಾಲೆಗೆ, ಒಂದು ಪಂಚಾಯಿತಿಗೆ ಕೊಡಿ. ಪಿಡಿಒ ಬದಲಾದಾಗ, ಹೊಸ ಸದಸ್ಯರು ಬಂದಾಗ ಮತ್ತೆ ಒಂದು ಪ್ರತಿ ತಗೊಂಡು ಹೋಗಿ ಪರಿಚಯ ಮಾಡಿಕೊಳ್ಳಿ.

ವಾಟರ್‌ಮ್ಯಾನ್ ಹತ್ತಿರ ಚೆನ್ನಾಗಿರಿ. ಹಳೇ ದೀಪ ಕಣ್ಣು ಮಿಟುಕಿಸಿದರೆ ಮೊದಲು ಗೊತ್ತಾಗುವುದು ಅವರಿಗೇ. ನಮ್ಮೂರಿನ ವಾಟರ್‌ಮ್ಯಾನ್ ಈಗ ಏಳನೇ ನಂಬರ್ ಶೇಡಿನ ಬಲ್ಬು ಹೋದರೆ ನನಗೆ ರಾತ್ರಿಯೇ ಫೋನ್ ಮಾಡುತ್ತಾರೆ. ಅದು ಅರಳಿಕಟ್ಟೆಯ ಇನ್ನೊಂದು ಬದಿಯ ಕಂಬಕ್ಕೆ ಮತ್ತೆ ಏರಿದೆ. ನಡುವಿನ ತೂತಿಗೆ ತುರುಕಿದ್ದ ಬಟ್ಟೆ ತೆಗೆದು ವೈರು ಹಾಯಿಸಿದ್ದೇವೆ. ಅಜ್ಜಿಯ ಕೋಳಿಗಳಿಗೆ ಒಂದು ಮಣ್ಣಿನ ಬೋಗುಣಿ ತಂದುಕೊಟ್ಟೆ.